ಗೇಟಿಲ್ಲದ ಒಲಿಂಪಿಕ್ ಪಾರ್ಕು

2024ರ ಜುಲೈ 27 ಮತ್ತು 28ರ ಸಂಜೆ ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಜರ್ಮನಿಯ ಮ್ಯೂನಿಕ್‌ನಲ್ಲಿ ಹಾಡಿದರು. ಒಲಿಂಪಿಕ್ ಕ್ರೀಡಾಂಗಣದೊಳಗೆ ಟಿಕೆಟ್ ಕೊಂಡವರು ಕಿಕ್ಕಿರಿದಿದ್ದರು. ಹೊರಗಿನ ಹಸಿರು ಗುಡ್ಡದ ಮೇಲೆ ಬಟ್ಟೆ ಹಾಸಿಕೊಂಡು, ಬುತ್ತಿ ಬಿಚ್ಚಿಕೊಂಡು ಹತ್ತಾರು ಸಾವಿರ ಜನ ಕೂತಿದ್ದರು. ಅವರಲ್ಲಿ ಟಿಕೆಟ್ ಸಿಗದ ಹುಡುಗಿಯರಿದ್ದರು, ಟಿಕೆಟ್ಟಿಗೆ ದುಡ್ಡು ಸಾಲದವರಿದ್ದರು, ಸುಮ್ಮನೆ ಏನು ಗಲಾಟೆಯೆಂದು ನೋಡಲು ಬಂದ ಊರಿನವರೂ ಇದ್ದರು. ಹಾಡು ಎಲ್ಲರಿಗೂ ಕೇಳಿಸಿತು. ಜಗತ್ತಿನ ಬಹುತೇಕ ಕ್ರೀಡಾಂಗಣಗಳಲ್ಲಿ ಇಂಥ ಜಾಗವಿದ್ದರೆ ಕಾರ್ಯಕ್ರಮದ ದಿನ ಅಲ್ಲಿ ತಗಡಿನ ಗೋಡೆ ಎದ್ದಿರುತ್ತದೆ. ಇಲ್ಲಿ ಏಳಲಿಲ್ಲ. ಆ ಗುಡ್ಡವನ್ನು ರೂಪಿಸಿದವರು ಅರ್ಧ ಶತಮಾನದ ಹಿಂದೆಯೇ ಅದನ್ನು ಜನ ಹತ್ತಿ ಕೂರುವುದಕ್ಕೆಂದು ಬಿಟ್ಟುಕೊಟ್ಟಿದ್ದರು.

ಗುಡ್ಡವೇನೂ ನಿಸರ್ಗ ಎಬ್ಬಿಸಿದ್ದಲ್ಲ. ಎರಡನೇ ಮಹಾಯುದ್ಧದಲ್ಲಿ ಮ್ಯೂನಿಕ್ ಮೇಲೆ ಎಪ್ಪತ್ತಕ್ಕೂ ಹೆಚ್ಚು ವಾಯುದಾಳಿಗಳಾದವು. ಹಳೆಯ ಊರಿನ ಬಹುಭಾಗ ನೆಲಕಚ್ಚಿತು. ಯುದ್ಧ ಮುಗಿದ ಮೇಲೆ ಉರುಳಿದ ಮನೆಗಳ ಇಟ್ಟಿಗೆ, ಗಾರೆ, ಕಲ್ಲುಗಳನ್ನು ತುಂಬಿ ತಂದು ನಗರದ ಅಂಚಿನ ಬಯಲುಗಳಲ್ಲಿ ಸುರಿದರು. ಅಂಥ ರಾಶಿಗಳಲ್ಲಿ ಒಂದು ಇಂದಿನ ಒಲಿಂಪಿಯಾಬೆರ್ಗ್, ಅಂದರೆ ಒಲಿಂಪಿಕ್ ಗುಡ್ಡ. ಸುತ್ತಲಿನ ನೆಲಕ್ಕಿಂತ 50 ಮೀಟರಿಗೂ ಎತ್ತರ. ಆಕಾಶ ತಿಳಿಯಾದ ದಿನ ಅದರ ನೆತ್ತಿಯಿಂದ ಆಲ್ಪ್ಸ್ ಪರ್ವತಸಾಲು ಕಾಣುತ್ತದೆ. ಚಳಿಗಾಲದಲ್ಲಿ ಮಕ್ಕಳು ಇಳಿಜಾರಿನ ಹಿಮದ ಮೇಲೆ ಜಾರುತ್ತಾರೆ. ಅವರು ಜಾರುವ ಮಣ್ಣಿನಡಿ ಯಾರದೋ ಅಡುಗೆಮನೆಯ ಗೋಡೆಯಿದೆ. ವಾಯುದಾಳಿಯಲ್ಲಿ ಸತ್ತ ನಾಗರಿಕರ ನೆನಪಿಗೊಂದು ಸ್ಮಾರಕವೂ ಆ ಗುಡ್ಡದಲ್ಲಿದೆ.

ನಗರದ ಕೇಂದ್ರದಿಂದ ಸುಮಾರು ನಾಲ್ಕು ಕಿಲೋಮೀಟರ್ ವಾಯವ್ಯಕ್ಕಿರುವ ಈ ಬಯಲಿನ ಹೆಸರು ಓಬರ್‌ವೀಸನ್‌ಫೆಲ್ಡ್. ಬವೇರಿಯದ ಸೈನ್ಯ ಕವಾಯತು ನಡೆಸುತ್ತಿದ್ದ ನೆಲ ಅದು, ಆಮೇಲೆ ವಿಮಾನ ನಿಲ್ದಾಣವಾಯಿತು. 1938ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಪ್ರಧಾನಿ ನೆವಿಲ್ ಚೇಂಬರ್ಲಿನ್ ಹಿಟ್ಲರನ ಜೊತೆ ಮ್ಯೂನಿಕ್ ಒಪ್ಪಂದಕ್ಕೆ ಸಹಿ ಹಾಕಲು ಬಂದಿಳಿದದ್ದು ಇಲ್ಲೇ. ಚೆಕೊಸ್ಲೊವಾಕಿಯವನ್ನು ಬಲಿಕೊಟ್ಟ ಒಪ್ಪಂದ ಅದು. ಸೇನೆ, ಹಿಟ್ಲರನ ಸಂಧಾನ, ಸುಟ್ಟ ಊರಿನ ಅವಶೇಷ, ಮೂರೂ ಒಂದೇ ನೆಲದಲ್ಲಿ ಸೇರಿದ್ದವು. 1966ರ ಏಪ್ರಿಲ್‌ನಲ್ಲಿ ರೋಮ್‌ನಲ್ಲಿ ಕೂಡಿದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 1972ರ ಬೇಸಿಗೆ ಕ್ರೀಡಾಕೂಟವನ್ನು ಮ್ಯೂನಿಕ್‌ಗೆ ಕೊಟ್ಟಿತು. ನಗರ ತನ್ನ ಕೈಲಿದ್ದ ಈ ಪಾಳು ಬಯಲನ್ನೇ ಆರಿಸಿಕೊಂಡಿತು.

ಪೂರ್ತಿ ಪಾಳು ಎನ್ನುವಂತಿರಲಿಲ್ಲ. ತಿಮೊಫೈ ಎಂಬ ರಷ್ಯನ್ ಸಾಧುವೊಬ್ಬರು 1950ರ ದಶಕದ ಆರಂಭದಲ್ಲಿ ಸಂಗಾತಿ ನತಾಶಾಳೊಂದಿಗೆ ಅಲ್ಲಿಗೆ ಬಂದು ನೆಲೆಸಿದ್ದರು. ರಾಶಿ ಬಿದ್ದಿದ್ದ ಅವಶೇಷಗಳಿಂದಲೇ ಮನೆ ಕಟ್ಟಿಕೊಂಡು, ಚಿಕ್ಕದೊಂದು ಇಗರ್ಜಿ ಎಬ್ಬಿಸಿ, ಸುತ್ತ ತರಕಾರಿ ಬೆಳೆದಿದ್ದರು. ಇಗರ್ಜಿಯ ಒಳಮಾಡಿಗೆ ಚಾಕೊಲೆಟ್ ಸುತ್ತಿ ಬರುವ ಬೆಳ್ಳಿ ಕಾಗದ ಅಂಟಿಸಿದ್ದರು. ಪರವಾನಗಿ ಯಾವುದಕ್ಕೂ ಇರಲಿಲ್ಲ. ಒಲಿಂಪಿಕ್ಸ್‌ನ ಕುದುರೆ ಸವಾರಿ ಸ್ಪರ್ಧೆಗಳಿಗೆ ಮೊದಲು ಗುರುತು ಹಾಕಿದ ಜಾಗದಲ್ಲಿ ಅವರ ತೋಟವೂ ಸೇರಿತ್ತು. ಊರಿನವರು ತಕರಾರು ತೆಗೆದರು, ಪತ್ರಿಕೆಗಳು ದನಿಗೂಡಿಸಿದವು. ಕೊನೆಗೆ ಎದ್ದುಹೋದದ್ದು ಕುದುರೆ ಸವಾರಿ: ಅದು ನಗರದ ಇನ್ನೊಂದು ಬದಿಯ ರೀಮ್‌ಗೆ ಹೋಯಿತು, ಸಾಧು ಉಳಿದರು. 2004ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಆ ಪುಟ್ಟ ಇಗರ್ಜಿ 2023ರ ಜೂನ್‌ನಲ್ಲಿ ಬೆಂಕಿಗೆ ಆಹುತಿಯಾಯಿತು. ಒಲಿಂಪಿಕ್ಸ್ ಬರುತ್ತದೆಂದರೆ ಮೊದಲು ಗುಡಿಸಲು ಕೀಳುವುದು ಎಷ್ಟೋ ನಗರಗಳ ರೂಢಿ. ಮ್ಯೂನಿಕ್‌ನ ಪಾರ್ಕು ಒಬ್ಬ ಅನುಮತಿಯಿಲ್ಲದ ಮುದುಕನಿಗೆ ದಾರಿ ಬಿಟ್ಟು ಶುರುವಾಯಿತು ಎನ್ನುವುದನ್ನು ನಾನು ಬರೀ ಸ್ವಾರಸ್ಯದ ಕತೆಯೆಂದು ತೆಗೆದುಕೊಳ್ಳಲಾರೆ. ಮುಂದೆ ಆದದ್ದಕ್ಕೆಲ್ಲ ಅದರಲ್ಲೊಂದು ಸೂಚನೆಯಿತ್ತು.

ಜರ್ಮನ್ನರಿಗೆ ಆಗ ಕಾಡುತ್ತಿದ್ದದ್ದು 1936ರ ಬರ್ಲಿನ್. ಹಿಟ್ಲರನ ಆ ಒಲಿಂಪಿಕ್ಸ್‌ನಲ್ಲಿ ಎಲ್ಲವೂ ಕಲ್ಲು, ಎಲ್ಲವೂ ನೇರ ಗೆರೆ. ದೈತ್ಯ ಕಂಬಗಳ ನಡುವೆ ಜನ ಸಾಲುಸಾಲಾಗಿ ನಡೆದು, ತಾವೆಷ್ಟು ಸಣ್ಣವರು ಎಂದು ಅರಿತುಕೊಳ್ಳಬೇಕು, ಹಾಗಿತ್ತು ಕಟ್ಟಡ. ಅದಕ್ಕೆ ಬೆನ್ನು ತಿರುಗಿಸಿದ ಕ್ರೀಡಾಕೂಟವೊಂದು ಬೇಕು ಎಂದು ಸಂಘಟನಾ ಸಮಿತಿಯ ಅಧ್ಯಕ್ಷ ವಿಲಿ ಡೌಮೆ ಮತ್ತು ಆಗಿನ ಯುವ ಮೇಯರ್ ಹಾನ್ಸ್-ಯೋಖೆನ್ ಫೋಗೆಲ್ ಹಟ ಹಿಡಿದರು. ಹಸಿರಿನ ನಡುವೆ ನಡೆಯಬೇಕು, ಒಂದು ಅಂಗಳದಿಂದ ಇನ್ನೊಂದಕ್ಕೆ ನಡೆದೇ ಹೋಗುವಷ್ಟು ಹತ್ತಿರವಿರಬೇಕು, ಬಂದವರು ನಗುನಗುತ್ತ ಇರಬೇಕು. 1967ರ ವಿನ್ಯಾಸ ಸ್ಪರ್ಧೆಗೆ ನೂರಕ್ಕೂ ಹೆಚ್ಚು ನಕ್ಷೆಗಳು ಬಂದವು. ಗೆದ್ದದ್ದು ಸ್ಟುಟ್‌ಗಾರ್ಟ್‌ನ ಗ್ಯುಂಟರ್ ಬೇನಿಶ್ ಮತ್ತು ಅವರ ಸಂಗಡಿಗರದು. ಅವರು ಕೊಟ್ಟದ್ದು ಕಟ್ಟಡಗಳ ಸಮೂಹವನ್ನಲ್ಲ, ಏರಿಳಿವಿನ ಒಂದು ನೆಲವನ್ನು. ಕ್ರೀಡಾಂಗಣ, ಒಳಾಂಗಣ, ಈಜುಕೊಳ ಮೂರೂ ಆ ನೆಲದ ತಗ್ಗುಗಳಲ್ಲಿ ಅಡಗಿ ಕೂತಿದ್ದವು. ಮಾದರಿಯಲ್ಲಿ ಕಡ್ಡಿಗಳನ್ನು ನೆಟ್ಟು ಮೇಲೆ ಹೆಂಗಸರ ನೈಲಾನ್ ಕಾಲುಚೀಲವನ್ನು ಎಳೆದು ಹೊದಿಸಿ, ಚಾವಣಿ ಹೀಗಿರುತ್ತದೆ ಎಂದು ತೋರಿಸಿದ್ದರು.

ತೋರಿಸಿದ್ದು ಸುಲಭ. ಕಟ್ಟುವುದು ಹೇಗೆಂದು ಯಾರಿಗೂ ಖಚಿತವಿರಲಿಲ್ಲ. ಅದೇ ವರ್ಷ ಮಾಂಟ್ರಿಯಲ್‌ನ ವಿಶ್ವ ಪ್ರದರ್ಶನದಲ್ಲಿ ಜರ್ಮನಿಯ ಮಂಟಪಕ್ಕೆ ಉಕ್ಕಿನ ಹಗ್ಗದ ಬಲೆ ಬಿಗಿದು ಡೇರೆ ಎಬ್ಬಿಸಿದ್ದ ಫ್ರೈ ಒಟ್ಟೊ ಅವರನ್ನು ಕರೆಸಿದರು. ಒಟ್ಟೊ ಯುದ್ಧದಲ್ಲಿ ವಿಮಾನ ಚಾಲಕ, ಸೋತ ಮೇಲೆ ಫ್ರಾನ್ಸಿನಲ್ಲಿ ಯುದ್ಧಕೈದಿ. ಕೈದಿಗಳ ಶಿಬಿರದಲ್ಲಿ ಸಾಮಗ್ರಿಯೇ ಇಲ್ಲದಾಗ ಕಡಿಮೆಯಲ್ಲಿ ಕಟ್ಟುವುದನ್ನು ಕಲಿತವರು. ಬೇನಿಶ್ ಜಲಾಂತರ್ಗಾಮಿಯ ಅಧಿಕಾರಿಯಾಗಿದ್ದವರು. ಯುದ್ಧದಿಂದ ಮರಳಿದ ಈ ಇಬ್ಬರೂ ಭಾರವಾದದ್ದನ್ನು ಕಟ್ಟಲು ಒಲ್ಲದವರಾದರು. ಲೆಕ್ಕ ಹಾಕುವ ಹೊಣೆ ಫ್ರಿಟ್ಸ್ ಲಿಯೊನ್‌ಹಾರ್ಟ್ ಅವರ ಇಂಜಿನಿಯರಿಂಗ್ ಸಂಸ್ಥೆಯ ಮೇಲೆ, ಅದರಲ್ಲೂ ಯುವಕ ಯೋರ್ಗ್ ಶ್ಲೈಖ್ ಮೇಲೆ ಬಿತ್ತು. ಬಾಗಿದ ಬಲೆಯ ಒಂದೊಂದು ಗಂಟಿಗೂ ಎಷ್ಟು ಎಳೆತ ಬೀಳುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಮಾಡಿ ಮುಗಿಯುವಂಥದಲ್ಲ. ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದ ಜಾನ್ ಆರ್ಗಿರಿಸ್ ಮತ್ತು ಕ್ಲಾಸ್ ಲಿಂಕ್‌ವಿಟ್ಸ್ ತಂಡಗಳು ಕಂಪ್ಯೂಟರ್‌ನಲ್ಲಿ ಅದನ್ನು ಬಿಡಿಸಿದವು. ಡೇರೆಯಂಥ ಚಾವಣಿಗಳ ಆಕಾರ ಕಂಡುಹಿಡಿಯಲು ಇಂದು ಎಲ್ಲೆಡೆ ಬಳಸುವ ಲೆಕ್ಕದ ವಿಧಾನಗಳಲ್ಲೊಂದು ಹುಟ್ಟಿದ್ದು ಈ ಚಾವಣಿಗಾಗಿ ಪಟ್ಟ ಪಾಡಿನಲ್ಲೇ.

ಚಾವಣಿಯ ಒಟ್ಟು ಹರಹು ಸುಮಾರು 74,800 ಚದರ ಮೀಟರ್. ಅಂದರೆ ಹದಿನೆಂಟು ಎಕರೆಗೂ ಹೆಚ್ಚು. ದೊಡ್ಡ ಕಂಬಗಳ ಎತ್ತರ 80 ಮೀಟರಿನವರೆಗೆ. ಕಂಬಗಳಿಂದ ಇಳಿಬಿಟ್ಟ ಉಕ್ಕಿನ ಹಗ್ಗಗಳು ನೆಲದೊಳಗಿನ ಭಾರೀ ಕಾಂಕ್ರೀಟ್ ಗೂಟಗಳಿಗೆ ಬಿಗಿದಿವೆ. ನಡುವೆ 75 ಸೆಂಟಿಮೀಟರ್ ಚೌಕದ ಬಲೆ. ಬಲೆಯ ಮೇಲೆ ಪಾರದರ್ಶಕ ಅಕ್ರಿಲಿಕ್ ಫಲಕಗಳು. ಚಾವಣಿ ಬೆಳಕು ಹಾಯಿಸುವಂತಿರಬೇಕು ಎಂದು ಪಟ್ಟು ಹಿಡಿದವರು ಟೆಲಿವಿಷನ್ನಿನವರು. ಆಗಷ್ಟೇ ಬಣ್ಣದ ಟಿವಿ ಬಂದಿತ್ತು. ಅರ್ಧ ಅಂಗಳ ಬಿಸಿಲಿನಲ್ಲಿ, ಅರ್ಧ ಕಪ್ಪು ನೆರಳಿನಲ್ಲಿ ಇದ್ದರೆ ಅಂದಿನ ಕ್ಯಾಮೆರಾಗಳು ಸೋಲುತ್ತಿದ್ದವು. ಬೆಳಗಿನ ಇಬ್ಬನಿಯಲ್ಲಿ ಜೇಡರ ಬಲೆ ಹೊಳೆದಂತೆ ಈ ಚಾವಣಿ ಹೊಳೆಯುವುದಕ್ಕೆ ಕಾರಣ ಹೀಗೆ ತೀರ ಲೌಕಿಕವಾದದ್ದು. ಖರ್ಚು ಮೊದಲ ಅಂದಾಜಿನ ಅನೇಕ ಪಟ್ಟು ಏರಿತು. ಟೀಕೆಯೂ ಏರಿತು. ಆದರೆ ಕ್ರೀಡಾಕೂಟದ ಹಣವನ್ನೆಲ್ಲ ತೆರಿಗೆಯಿಂದಲೇ ಎತ್ತಲಿಲ್ಲ. ಹತ್ತು ಮಾರ್ಕಿನ ಬೆಳ್ಳಿಯ ಒಲಿಂಪಿಕ್ ನಾಣ್ಯಗಳನ್ನು ಟಂಕಿಸಿ ಕೋಟ್ಯಂತರ ಸಂಖ್ಯೆಯಲ್ಲಿ ಮಾರಿದರು, ಲಾಟರಿ ನಡೆಸಿದರು. ಮನೆಮನೆಯಲ್ಲಿ ನಾಣ್ಯ ಉಳಿಯಿತು, ನಗರದಲ್ಲಿ ಚಾವಣಿ ಉಳಿಯಿತು.

ಮ್ಯೂನಿಕ್ ಎಂದರೆ ಎಲ್ಲರೂ ಈ ಚಾವಣಿಯ ಚಿತ್ರವನ್ನೇ ಅಚ್ಚು ಹಾಕುತ್ತಾರೆ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಸಾಧನೆ ಅದರ ಕೆಳಗಿನ ಹುಲ್ಲು. ಭೂದೃಶ್ಯವನ್ನು ರೂಪಿಸಿದ ಗ್ಯುಂಟರ್ ಗ್ಜಿಮೆಕ್ ಅವರ ಹೆಸರನ್ನು ವಾಸ್ತುಶಿಲ್ಪದ ವಿದ್ಯಾರ್ಥಿಗಳ ಆಚೆ ಹೆಚ್ಚು ಜನ ಕೇಳಿರಲಾರರು. ಅವರ ವಾದ ಸರಳ. ಉದ್ಯಾನದ ಹುಲ್ಲು ಶತಮಾನಗಳ ಕಾಲ ಅರಸರ ಕಣ್ಣಿಗೆ ಹಬ್ಬವಾಗಲು ಇತ್ತು, ಜನ ಬದಿಯ ದಾರಿಯಲ್ಲಿ ನಡೆದು ದೂರದಿಂದ ನೋಡಬೇಕಿತ್ತು. ಪ್ರಜಾಪ್ರಭುತ್ವದಲ್ಲಿ ಹುಲ್ಲು ಬಳಕೆಗೆ. ಅದರ ಮೇಲೆ ನಡೆಯಬೇಕು, ಮಲಗಬೇಕು, ಚೆಂಡಾಡಬೇಕು, ಬೇಕೆಂದರೆ ಹೂವನ್ನೂ ಕೀಳಬೇಕು. ಹುಲ್ಲುಹಾಸನ್ನು ವಶಪಡಿಸಿಕೊಳ್ಳಿ ಎಂಬ ಅರ್ಥದ ಹೆಸರಿನಲ್ಲಿ ಅವರು 1983ರಲ್ಲಿ ಒಂದು ಪ್ರದರ್ಶನ ಮತ್ತು ಪುಸ್ತಕವನ್ನೇ ಹೊರತಂದರು. ಹಾಗಾಗಿ ಪಾರ್ಕಿನಲ್ಲಿ 'ಹುಲ್ಲಿನ ಮೇಲೆ ನಡೆಯಬೇಡಿ' ಎಂಬ ಫಲಕಕ್ಕೆ ಜಾಗವಿರಲಿಲ್ಲ. ನಮ್ಮ ಊರುಗಳ ಪಾರ್ಕುಗಳಲ್ಲಿ ಬೆಳೆದವರಿಗೆ ಈ ಮಾತಿನ ತೂಕ ಬೇಗ ತಿಳಿಯುತ್ತದೆ. ನಮಗೆ ಹುಲ್ಲಿಗಿಂತ ಮೊದಲು ಕಾಣುವುದು ಆ ಫಲಕ, ಅದರ ಹಿಂದೆ ಮುಳ್ಳಿನ ತುದಿಯ ಕಬ್ಬಿಣದ ಬೇಲಿ, ಮಧ್ಯಾಹ್ನ ಬೀಗ.

ಫಲಕ ತೆಗೆದರೆ ಸಾಲದು, ಅಷ್ಟು ಕಾಲುಗಳನ್ನು ತಾಳಿಕೊಳ್ಳುವ ನೆಲವನ್ನೂ ಮಾಡಬೇಕು. ಗ್ಜಿಮೆಕ್ ಆ ಕೆಲಸವನ್ನು ಮಾಡಿದರು. ತುಳಿತ ತಡೆಯುವ ಹುಲ್ಲು ಬಿತ್ತಿಸಿದರು. ದಾರಿಗಳು ದಿಬ್ಬಗಳ ಏರಿಳಿವಿನ ಜೊತೆ ಸಾಗುವಂತೆ ನೋಡಿಕೊಂಡರು. ಮರಗಳಿಗೂ ಒಂದು ವ್ಯಾಕರಣ ಕೊಟ್ಟರು: ದಾರಿಗಳ ಪಕ್ಕ ಲಿಂಡನ್ ಮರ, ನೀರಿನ ಅಂಚಿಗೆ ನೀರಂಜಿ ಜಾತಿಯ ವಿಲೊ, ಗುಡ್ಡದ ಮೇಲೆ ಕುಳ್ಳ ಪರ್ವತ ಪೈನ್. ಎತ್ತರದ ಮರ ನೆಟ್ಟರೆ ಗುಡ್ಡ ಚಿಕ್ಕದಾಗಿ ಕಾಣುತ್ತದೆ, ಕುಳ್ಳ ಮರ ನೆಟ್ಟರೆ ಅದೇ ಗುಡ್ಡ ನಿಜವಾದ ಬೆಟ್ಟದಂತೆ ತೋರುತ್ತದೆ. ನಿಂಫೆನ್‌ಬುರ್ಗ್ ಅರಮನೆಯ ಕಡೆಯಿಂದ ಬರುವ ಕಾಲುವೆಯನ್ನು ಅಡ್ಡಗಟ್ಟಿ ಕೆರೆ ಮಾಡಿದರು. ಕೆರೆಯ ದಂಡೆಯಲ್ಲಿ ಮೆಟ್ಟಿಲುಮೆಟ್ಟಿಲಾದ ಬಯಲು ರಂಗಮಂದಿರ. ಕ್ರೀಡಾಂಗಣದ ಆಸನಗಳ ಹೆಚ್ಚಿನ ಪಾಲು ನೆಲ ಬಗೆದ ಬಟ್ಟಲಿನಲ್ಲಿದ್ದುದರಿಂದ ಹೊರಗಿನಿಂದ ನೋಡಿದರೆ ಎಪ್ಪತ್ತು ಎಂಬತ್ತು ಸಾವಿರ ಜನ ಹಿಡಿಸುವ ಕಟ್ಟಡ ಅಲ್ಲಿದೆ ಎಂದೇ ಅನಿಸುವುದಿಲ್ಲ.

ಬಣ್ಣಗಳನ್ನು ಆಯ್ದವರು ವಿನ್ಯಾಸಕಾರ ಓಟ್ಲ್ ಐಖರ್. ನಾಜಿಗಳು 1943ರಲ್ಲಿ ತಲೆ ಕಡಿದ ಹಾನ್ಸ್ ಮತ್ತು ಸೋಫಿ ಶೋಲ್ ಅವರ ಅಕ್ಕ ಇಂಗೆ ಇವರ ಪತ್ನಿ. ಐಖರ್ ಕೆಂಪನ್ನು ದೂರವಿಟ್ಟು ತಿಳಿನೀಲಿ, ಹಸಿರು, ಕಿತ್ತಳೆಗಳಲ್ಲಿ ಇಡೀ ಕ್ರೀಡಾಕೂಟವನ್ನು ಬಿಡಿಸಿದರು. ಒಂದೊಂದು ಆಟಕ್ಕೂ ಅವರು ಬರೆದ ಕಡ್ಡಿಮನುಷ್ಯರ ಚಿತ್ರಸಂಕೇತಗಳ ಮಾದರಿ ಇವತ್ತು ನಮ್ಮ ವಿಮಾನ ನಿಲ್ದಾಣ, ಮೆಟ್ರೊ ನಿಲ್ದಾಣಗಳ ಫಲಕಗಳಲ್ಲೂ ಮುಂದುವರಿದಿದೆ.

ಈ ಪಾರ್ಕಿನ ಹುಲ್ಲಿಗೂ ಕೊಡಗಿಗೂ ಒಂದು ನಂಟಿದೆ. 1972ರ ಆಗಸ್ಟ್ 26ರಂದು 121 ದೇಶಗಳ ಏಳು ಸಾವಿರಕ್ಕೂ ಹೆಚ್ಚು ಕ್ರೀಡಾಪಟುಗಳೊಂದಿಗೆ ಆರಂಭವಾದ ಕೂಟದಲ್ಲಿ ಹಾಕಿ ಪಂದ್ಯಗಳು ಇದೇ ಬಯಲಿನ ಅಂಗಳಗಳಲ್ಲಿ ನಡೆದವು. ಭಾರತ ತಂಡದಲ್ಲಿ ಕೊಡಗಿನ ಎಂ.ಪಿ. ಗಣೇಶ್ ಇದ್ದರು, ಸೋಮವಾರಪೇಟೆಯ ಬಿ.ಪಿ. ಗೋವಿಂದ ಇದ್ದರು. ಗೋಲ್‌ಕೀಪರ್ ಮ್ಯಾನ್ಯುಯಲ್ ಫ್ರೆಡರಿಕ್ ಹುಟ್ಟಿದ್ದು ಕಣ್ಣೂರಿನಲ್ಲಿ, ನೆಲೆಸಿದ್ದು ಬೆಂಗಳೂರಿನಲ್ಲಿ. ಸೆಮಿಫೈನಲ್‌ನಲ್ಲಿ ಪಾಕಿಸ್ತಾನದ ಎದುರು 0–2ರಿಂದ ಸೋತ ತಂಡ, ನೆದರ್ಲೆಂಡ್ಸನ್ನು 2–1ರಿಂದ ಮಣಿಸಿ ಕಂಚು ತಂದಿತು. ಚಿನ್ನ ಪಶ್ಚಿಮ ಜರ್ಮನಿಗೆ ಹೋಯಿತು. 1928ರಿಂದ ಅಲ್ಲಿಯವರೆಗೆ ಒಲಿಂಪಿಕ್ ಹಾಕಿ ಚಿನ್ನ ಭಾರತ ಅಥವಾ ಪಾಕಿಸ್ತಾನದ ಕೈ ಬಿಟ್ಟು ಹೋಗಿರಲಿಲ್ಲ. ಮರುವರ್ಷದ ವಿಶ್ವಕಪ್‌ನಲ್ಲಿ ಗಣೇಶ್ ಭಾರತದ ನಾಯಕರಾಗಿ ಬೆಳ್ಳಿ ಗೆದ್ದರು.

ಮ್ಯೂನಿಕ್ ಒಲಿಂಪಿಕ್ ಹಾಕಿಯ ಕೊನೆಯ ಹುಲ್ಲು. 1976ರ ಮಾಂಟ್ರಿಯಲ್‌ನಲ್ಲಿ ಕೃತಕ ಹಾಸು ಬಂತು, ಭಾರತ ಏಳನೇ ಸ್ಥಾನಕ್ಕೆ ಕುಸಿಯಿತು. ಚೆಂಡನ್ನು ಕೋಲಿಗೆ ಅಂಟಿಸಿಕೊಂಡಂತೆ ಓಡುವ ಕೈಚಳಕ, ನೆಲದ ಉಬ್ಬುತಗ್ಗನ್ನು ಬಲ್ಲ ಕಣ್ಣು, ಕೊಡಗಿನ ಮೈದಾನಗಳಲ್ಲಿ ಹುಡುಗರು ಚಿಕ್ಕಂದಿನಿಂದ ಕಲಿತದ್ದೆಲ್ಲ ಹೊಸ ಹಾಸಿನ ಮೇಲೆ ಅರ್ಧ ಬೆಲೆಯದಾಯಿತು. ದುಬಾರಿ ಹಾಸು ಹಾಸಿಕೊಳ್ಳಬಲ್ಲ ದೇಶಗಳು ಮುಂದೆ ಹೋದವು. ಸೌಲಭ್ಯ ಎಂಬ ಮಾತನ್ನು ನಾವು ಯಾವಾಗಲೂ ಒಳ್ಳೆಯ ಅರ್ಥದಲ್ಲೇ ಆಡುತ್ತೇವೆ. ಒಂದು ಸೌಲಭ್ಯ ಬಂದರೆ ಅದು ಇಲ್ಲದವರು ಹೊರಗುಳಿಯುತ್ತಾರೆ ಎನ್ನುವುದನ್ನು ಭಾರತದ ಹಾಕಿ ಕಲಿತಷ್ಟು ಕಹಿಯಾಗಿ ಬೇರಾರೂ ಕಲಿತಿರಲಾರರು.

ಪಾರ್ಕಿನ ಮುಕ್ತತೆಗೆ ತೆತ್ತ ಬೆಲೆಯನ್ನು ಹೇಳದೆ ಅದನ್ನು ಹೊಗಳುವುದು ತಪ್ಪಾಗುತ್ತದೆ. ಸಮವಸ್ತ್ರದ, ಬಂದೂಕಿನ ಜರ್ಮನಿಯನ್ನು ಜಗತ್ತು ಮತ್ತೆ ನೋಡಬಾರದು ಎಂದು ಸಂಘಟಕರು ನಿಶ್ಚಯಿಸಿದ್ದರು. ಕಾವಲಿನವರಿಗೆ ತಿಳಿನೀಲಿ ಉಡುಪು ತೊಡಿಸಿ, ಕೈಗೆ ಆಯುಧ ಕೊಡದೆ ನಿಲ್ಲಿಸಿದ್ದರು. ಕ್ರೀಡಾಗ್ರಾಮದ ಬೇಲಿಯನ್ನು ರಾತ್ರಿ ತಡವಾಗಿ ಬಂದ ಆಟಗಾರರು ಹಾರಿ ಒಳಹೋಗುವುದು ಮಾಮೂಲಿಯಾಗಿತ್ತು. ಸೆಪ್ಟೆಂಬರ್ 5ರ ನಸುಕಿನಲ್ಲಿ ಟ್ರ್ಯಾಕ್‌ಸೂಟ್ ತೊಟ್ಟ ಎಂಟು ಮಂದಿ ಹಾಗೆಯೇ ಹಾರಿದರು. ಅವರ ಚೀಲಗಳಲ್ಲಿ ಬಂದೂಕು, ಗ್ರೆನೇಡುಗಳಿದ್ದವು. 'ಬ್ಲ್ಯಾಕ್ ಸೆಪ್ಟೆಂಬರ್' ಎಂಬ ಪ್ಯಾಲೆಸ್ತೀನಿ ಉಗ್ರ ಸಂಘಟನೆಯ ಆ ತಂಡ ಕನಾಲಿ ಬೀದಿಯ 31ನೇ ನಂಬರಿನಲ್ಲಿದ್ದ ಇಸ್ರೇಲಿ ತಂಡದ ಮೇಲೆ ಎರಗಿತು. ಮೋಶೆ ವೈನ್‌ಬರ್ಗ್ ಮತ್ತು ಯೋಸೆಫ್ ರೊಮಾನೊ ಅಲ್ಲೇ ಸತ್ತರು, ಒಂಬತ್ತು ಮಂದಿ ಒತ್ತೆಯಾಳುಗಳಾದರು. ಪೊಲೀಸರು ಕಟ್ಟಡದ ಮೇಲೆ ತೆವಳುತ್ತಿದ್ದುದು ಟಿವಿಯಲ್ಲಿ ನೇರ ಪ್ರಸಾರವಾಯಿತು, ಆ ಕಾರ್ಯಾಚರಣೆ ಕೈಬಿಡಬೇಕಾಯಿತು. ರಾತ್ರಿ ಫ್ಯುರ್ಸ್ಟೆನ್‌ಫೆಲ್ಡ್‌ಬ್ರುಕ್ ವಾಯುನೆಲೆಯಲ್ಲಿ ಎಂಟು ಮಂದಿ ಉಗ್ರರೆದುರು ಐವರೇ ಗುರಿಕಾರರನ್ನಿಟ್ಟು ನಡೆಸಿದ ಯತ್ನ ನೆಲಕಚ್ಚಿತು. ಒಂಬತ್ತೂ ಒತ್ತೆಯಾಳುಗಳು ಸತ್ತರು, ಆಂಟನ್ ಫ್ಲೀಗರ್‌ಬೌವರ್ ಎಂಬ ಪೊಲೀಸ್ ಅಧಿಕಾರಿಯೂ ಸತ್ತರು. ಐವರು ಉಗ್ರರು ಹತರಾದರು. ಮರುದಿನ ಕ್ರೀಡಾಂಗಣದಲ್ಲಿ ಶೋಕಸಭೆ ನಡೆಸಿ, ಕೂಟ ಮುಂದುವರಿಯಲಿದೆ ಎಂದು ಒಲಿಂಪಿಕ್ ಸಮಿತಿ ಸಾರಿತು.

ಸತ್ತವರ ಕುಟುಂಬಗಳು ಉತ್ತರಕ್ಕಾಗಿ ದಶಕಗಟ್ಟಲೆ ಕಾದವು. ಪಾರ್ಕಿನಲ್ಲಿ ಶಿಲ್ಪಿ ಫ್ರಿಟ್ಸ್ ಕೋನಿಗ್ ಅವರ ಕಲ್ಲಿನ ತೊಲೆಯ ಸ್ಮಾರಕ ಬಂದದ್ದು 1995ರಲ್ಲಿ. ಕ್ರೀಡಾಗ್ರಾಮಕ್ಕೂ ಕ್ರೀಡಾಂಗಣಕ್ಕೂ ನಡುವಿನ ದಿಬ್ಬವೊಂದನ್ನು ಕೊರೆದು, ಹನ್ನೆರಡು ಮಂದಿಯ ಬದುಕನ್ನು ಒಬ್ಬೊಬ್ಬರದಾಗಿ ಹೇಳುವ ಸ್ಮರಣ ಸ್ಥಳ ತೆರೆದದ್ದು 2017ರಲ್ಲಿ. ಜರ್ಮನಿಯ ಅಧ್ಯಕ್ಷ ಫ್ರಾಂಕ್-ವಾಲ್ಟರ್ ಸ್ಟೈನ್‌ಮೈಯರ್ ಕ್ಷಮೆ ಕೇಳಿದ್ದು, 28 ದಶಲಕ್ಷ ಯೂರೊ ಪರಿಹಾರ ಒಪ್ಪಿತವಾದದ್ದು ಐವತ್ತನೇ ವರ್ಷದಲ್ಲಿ, 2022ರಲ್ಲಿ. ಇಷ್ಟು ತಡ ಸಮರ್ಥನೀಯವಲ್ಲ. ಆದರೂ ನಗರ ಒಂದು ಕೆಲಸ ಮಾಡಲಿಲ್ಲ: ಹೆದರಿ ಪಾರ್ಕಿಗೆ ಗೋಡೆ ಕಟ್ಟಲಿಲ್ಲ. 2017ರ ಸ್ಮರಣ ಸ್ಥಳವೂ ಹಗಲು ರಾತ್ರಿ ತೆರೆದ ದಿಬ್ಬ, ಓಟಕ್ಕೆ ಹೊರಟವರು ನಿಂತು ಓದಿ ಮುಂದೆ ಹೋಗುತ್ತಾರೆ.

ಕೂಟ ಮುಗಿದ ಮೇಲೆ ಏನು ಎಂಬ ಪ್ರಶ್ನೆಗೆ ನಕ್ಷೆ ಬರೆಯುವಾಗಲೇ ಉತ್ತರ ಬರೆದಿದ್ದರು. ಈಜು ಸಭಾಂಗಣವನ್ನೇ ನೋಡಿ. ಮಾರ್ಕ್ ಸ್ಪಿಟ್ಸ್ ಏಳು ಚಿನ್ನ, ಏಳೂ ವಿಶ್ವದಾಖಲೆಯೊಂದಿಗೆ ಗೆದ್ದ ಕೊಳ ಅದು. ಆಗ ಸಾವಿರಾರು ಜನರಿಗೆ ತಾತ್ಕಾಲಿಕ ಗ್ಯಾಲರಿ ಹಾಕಿದ್ದರು. ಕೂಟ ಮುಗಿದೊಡನೆ ಅದನ್ನು ಬಿಚ್ಚಿ, ಆ ಬದಿಗೆ ಗಾಜಿನ ಗೋಡೆ ನಿಲ್ಲಿಸಿದರು. ಊರಿನ ಜನಕ್ಕೆ ಹೊರಗಿನ ಮರಗಳನ್ನು ನೋಡುತ್ತ ಈಜುವ ಕೊಳ ಸಿಕ್ಕಿತು. ಇಂದಿಗೂ ಅದು ನಗರದ ನೀರು, ವಿದ್ಯುತ್ ಸಂಸ್ಥೆ ನಡೆಸುವ ಸಾರ್ವಜನಿಕ ಈಜುಕೊಳ. ಶಾಲಾಮಕ್ಕಳು ಮೊದಲು ಕೈಕಾಲು ಬಡಿಯುವುದನ್ನು ಕಲಿಯುವುದು ಅಲ್ಲಿ. ಹತ್ತಿರದಲ್ಲೇ ಹಿಮಹಾಸಿನ ಅಂಗಳ, ಟೆನಿಸ್ ಕೋರ್ಟುಗಳು, ಕೆರೆಯಲ್ಲಿ ದೋಣಿ. ಬಯಲು ರಂಗಮಂದಿರದ ಬೇಸಿಗೆ ಸಂಗೀತೋತ್ಸವಕ್ಕೆ ಪ್ರವೇಶ ಉಚಿತ. 1988ರಿಂದ ದಕ್ಷಿಣ ಭಾಗದಲ್ಲಿ 'ಟೋಲ್‌ವುಡ್' ಎಂಬ ಕಲಾಮೇಳ ಪ್ರತಿ ಬೇಸಿಗೆ ನಡೆಯುತ್ತದೆ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಆ ಡೇರೆ ಚಾವಣಿಯ ಮೇಲೇ ನಡೆದು ಬರುವ ಪ್ರವಾಸವೂ ಇದೆ. ವಿಶ್ವವಿದ್ಯಾಲಯಗಳ ಕ್ರೀಡಾ ಆವರಣ ಇಲ್ಲಿದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ ಅಲ್ಲೀಗ ಮರದಲ್ಲೇ ವಿಶಾಲ ಕ್ರೀಡಾ ಕಟ್ಟಡವನ್ನು ಎಬ್ಬಿಸಿದೆ.

ಪುರುಷ ಕ್ರೀಡಾಪಟುಗಳಿದ್ದ ಮೆಟ್ಟಿಲು ಮೆಟ್ಟಿಲು ಬಾಲ್ಕನಿಗಳ ಬಹುಮಹಡಿಗಳು ಮೊದಲು ಮಾರಾಟವಾಗದೆ ಭೂತದ ಊರು ಎನಿಸಿಕೊಂಡವು. ಕಾರುಗಳೆಲ್ಲ ನೆಲದಡಿ, ಮೇಲೆ ಬರೀ ನಡೆಯುವವರು, ಮಕ್ಕಳು ಭಯವಿಲ್ಲದೆ ಆಡುವ ಓಣಿಗಳು. ಅದರ ಸುಖ ಗೊತ್ತಾದ ಮೇಲೆ ಅಲ್ಲಿಗೆ ಬಂದವರು ಬಿಟ್ಟು ಕದಲಲಿಲ್ಲ. ಮಹಿಳಾ ಕ್ರೀಡಾಪಟುಗಳ ಸಾಲು ಮನೆಗಳು ವಿದ್ಯಾರ್ಥಿಗಳಿಗೆ ಹೋದವು. ಹಳೆಯ ಮನೆಗಳನ್ನು ಕೆಡವಿ ಸುಮಾರು 2010ರ ಹೊತ್ತಿಗೆ ಅದೇ ಜಾಗದಲ್ಲಿ ಸಾವಿರಕ್ಕೂ ಹೆಚ್ಚು ಪುಟ್ಟ ಮನೆಗಳನ್ನು ಮರಳಿ ಕಟ್ಟಿದರು. ಒಬ್ಬೊಬ್ಬ ವಿದ್ಯಾರ್ಥಿಗೂ ತನ್ನ ಮುಂಗೋಡೆಗೆ ಇಷ್ಟಬಂದ ಚಿತ್ರ ಬಿಡಿಸುವ ಹಕ್ಕಿದೆ. ಪಾರ್ಕಿನ ಎದುರಿಗೇ ಬಿಎಂಡಬ್ಲ್ಯು ಕಂಪನಿಯ ನಾಲ್ಕು ಸಿಲಿಂಡರಿನ ಆಕಾರದ ಕೇಂದ್ರ ಕಚೇರಿ. ಕರ್ನಾಟಕ ಮತ್ತು ಬವೇರಿಯ 2007ರಿಂದ ಸಹಭಾಗಿ ರಾಜ್ಯಗಳು. ಬೆಂಗಳೂರಿನಿಂದ ಕೆಲಸಕ್ಕೆ, ಓದಿಗೆ ಅಲ್ಲಿಗೆ ಹೋಗುವವರಿಗೆ ಈ ಪಾರ್ಕು ಸಂಜೆಯ ವಾಕಿಂಗಿನ ಜಾಗ.

ಎಲ್ಲವೂ ಕೂಡಿಬಂದಿಲ್ಲ. ಒಲಿಂಪಿಕ್ಸ್‌ಗೆಂದು ಕಟ್ಟಿದ ಸೈಕಲ್ ಓಟದ ಅಂಗಳಕ್ಕೆ ಹೊಸ ನಿಯಮಗಳ ಕಾಲದಲ್ಲಿ ಕೆಲಸವಿಲ್ಲದಾಯಿತು, 2015ರಲ್ಲಿ ಕೆಡವಿದರು. ಆ ಜಾಗದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಐಸ್ ಹಾಕಿ ಮತ್ತು ಬಾಸ್ಕೆಟ್‌ಬಾಲ್‌ಗೆ 'ಎಸ್‌ಎಪಿ ಗಾರ್ಡನ್' ತೆರೆಯಿತು. ಕ್ರೀಡಾಂಗಣಕ್ಕೆಂದು ಮಾಡಿದ ಒಂದು ರೈಲು ನಿಲ್ದಾಣ 1988ರಿಂದ ಗಿಡಗಂಟಿಗಳ ಪಾಲಾಗಿದೆ. ಆದರೆ ಕೂಟಕ್ಕೆಂದೇ 1972ರ ಮೇ ತಿಂಗಳಲ್ಲಿ ಪಾರ್ಕಿನವರೆಗೆ ಓಡತೊಡಗಿದ ಯು3 ಮೆಟ್ರೊ ಇಂದು ನಗರದ ಮುಖ್ಯ ದಾರಿಗಳಲ್ಲೊಂದು. ಪಾರ್ಕಿನಲ್ಲಿರುವ 291 ಮೀಟರ್ ಎತ್ತರದ ಗೋಪುರವನ್ನು 2024ರಲ್ಲಿ ದುರಸ್ತಿಗಾಗಿ ಮುಚ್ಚಿದರು. ಅಕ್ರಿಲಿಕ್ ಫಲಕಗಳು ಹಳತಾಗುತ್ತವೆ, ಹಗ್ಗಗಳನ್ನು ಪರೀಕ್ಷಿಸುತ್ತಿರಬೇಕು. ಪಾರ್ಕನ್ನು ನಡೆಸುವುದು ನಗರದ ಸ್ವಂತ ಕಂಪನಿ, ನಗರದ ಬೊಕ್ಕಸದಿಂದ ಅದಕ್ಕೆ ಹಣ ಹೋಗುತ್ತಲೇ ಇರುತ್ತದೆ. ಅದು ನಷ್ಟವಲ್ಲ, ಗ್ರಂಥಾಲಯಕ್ಕೂ ಆಸ್ಪತ್ರೆಗೂ ಕೊಡುವಂತೆ ಕೊಡಬೇಕಾದ ಹಣ ಎನ್ನುವುದು ನನ್ನ ಅಭಿಪ್ರಾಯ.

ಫುಟ್‌ಬಾಲ್ ವಿಷಯದಲ್ಲಿ ಈ ಪಾರ್ಕು ತನ್ನನ್ನು ತಾನೇ ಉಳಿಸಿಕೊಂಡ ರೀತಿ ಹೇಳಬೇಕು. 1974ರ ವಿಶ್ವಕಪ್ ಫೈನಲ್‌ನಲ್ಲಿ ಪಶ್ಚಿಮ ಜರ್ಮನಿ ನೆದರ್ಲೆಂಡ್ಸನ್ನು 2–1ರಿಂದ ಸೋಲಿಸಿದ್ದು ಇಲ್ಲೇ. ಬಯರ್ನ್ ಮ್ಯೂನಿಕ್ ಕ್ಲಬ್ ಮೂವತ್ತಕ್ಕೂ ಹೆಚ್ಚು ವರ್ಷ ಇದೇ ಮನೆಯಂಗಳದಲ್ಲಿ ಆಡಿತು. ಆದರೆ ಆಟಕ್ಕೂ ನೋಡುಗನಿಗೂ ನಡುವೆ ಓಟದ ಟ್ರ್ಯಾಕು, ಅರ್ಧ ಆಸನಗಳಿಗೆ ಮಳೆ. ಸಹಸ್ರಮಾನದ ತಿರುವಿನಲ್ಲಿ ಕ್ರೀಡಾಂಗಣವನ್ನು ಮಾರ್ಪಡಿಸುವ ಒತ್ತಾಯ ಜೋರಾಯಿತು. ಹಾಗೆ ಮಾಡಿದ್ದರೆ ಮೂಲ ರೂಪ ಅಳಿಯುತ್ತಿತ್ತು. ಕೊನೆಗೆ 2001ರಲ್ಲಿ ನಗರದ ಮತದಾರರು ದೂರದ ಫ್ರೋಟ್‌ಮಾನಿಂಗ್‌ನಲ್ಲಿ ಹೊಸ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಮೂರನೇ ಎರಡರಷ್ಟು ಬಹುಮತ ಕೊಟ್ಟರು. 2005ರಲ್ಲಿ ಕ್ಲಬ್ ಅಲ್ಲಿಗೆ ಹೋಯಿತು. ದೊಡ್ಡ ಬಾಡಿಗೆದಾರ ಹೋದ, ಮನೆ ಮುರಿಯಲಿಲ್ಲ.

2022ರ ಆಗಸ್ಟ್‌ನಲ್ಲಿ ಒಂಬತ್ತು ಕ್ರೀಡೆಗಳ ಯುರೋಪಿಯನ್ ಚಾಂಪಿಯನ್‌ಷಿಪ್ ಮ್ಯೂನಿಕ್‌ನಲ್ಲಿ ನಡೆಯಿತು. ಓಟದವರು ಹಳೆಯ ಕ್ರೀಡಾಂಗಣದಲ್ಲಿ ಓಡಿದರು, ಟ್ರಯಥ್ಲಾನ್‌ನವರು ಕೆರೆಯಲ್ಲಿ ಈಜಿದರು, ಸೈಕಲ್ಲಿನವರು ಅವಶೇಷದ ಗುಡ್ಡದಲ್ಲಿ ಹಾರಿದರು. ಅನೇಕ ಸ್ಪರ್ಧೆಗಳಿಗೆ ಟಿಕೆಟ್ಟೇ ಇರಲಿಲ್ಲ. ಅಥೆನ್ಸ್‌ನಲ್ಲಿ 2004ರ ಎಷ್ಟೋ ಅಂಗಳಗಳು ಕೆಲವೇ ವರ್ಷಗಳಲ್ಲಿ ಕಳೆ ಬೆಳೆದು ಬಿರುಕು ಬಿಟ್ಟಿದ್ದನ್ನು ನೋಡಿದವರಿಗೆ ಐವತ್ತು ವರ್ಷದ ಮೈದಾನಗಳು ಹೀಗೆ ದುಡಿದದ್ದು ದೊಡ್ಡ ಸಂಗತಿ.

ಆ ಯಶಸ್ಸು ಮ್ಯೂನಿಕ್‌ಗೆ ಹೊಸ ಆಸೆ ಹುಟ್ಟಿಸಿದೆ. 2013ರಲ್ಲಿ ಚಳಿಗಾಲದ ಒಲಿಂಪಿಕ್ಸ್ ಬೇಡವೆಂದಿದ್ದ ಮತದಾರರು, 2025ರ ಅಕ್ಟೋಬರ್ 26ರಂದು 2036, 2040 ಅಥವಾ 2044ರ ಬೇಸಿಗೆ ಒಲಿಂಪಿಕ್ಸ್‌ಗೆ ಅರ್ಜಿ ಹಾಕಲು ಸುಮಾರು ಮೂರನೇ ಎರಡರಷ್ಟು ಮತಗಳಿಂದ ಒಪ್ಪಿದರು. ಅಂಗಳಗಳು ಹೆಚ್ಚುಕಡಿಮೆ ಸಿದ್ಧವಿವೆ, ಖರ್ಚು ಮಿತಿಯಲ್ಲಿರುತ್ತದೆ ಎನ್ನುವುದು ಪರವಾದಿಗಳ ವಾದ. ಅದು ಸರಿಯಿರಬಹುದು. ನನ್ನ ಅಳುಕು ಖರ್ಚಿನದಲ್ಲ. 1972ರ ನಂತರದ ಯಾವ ಒಲಿಂಪಿಕ್ಸೂ ಬೇಲಿಯಿಲ್ಲದೆ ನಡೆದಿಲ್ಲ, ಅದಕ್ಕೆ ಕಾರಣ ಮ್ಯೂನಿಕ್ಕೇ. 2024ರ ಪ್ಯಾರಿಸ್ ಕೂಟದ ಉದ್ಘಾಟನೆಗೆ ಮುಂಚಿನ ದಿನಗಳಲ್ಲಿ ಸೇನ್ ನದಿಯ ದಂಡೆಯ ನಿವಾಸಿಗಳೇ ತಮ್ಮ ಮನೆಗೆ ಹೋಗಲು ಕ್ಯೂಆರ್ ಕೋಡ್ ತೋರಿಸಬೇಕಾಗಿತ್ತು. ಕೂಟ ಮತ್ತೆ ಇಲ್ಲಿಗೆ ಬಂದರೆ ಗುಡ್ಡ, ಕೆರೆ, ಲಿಂಡನ್ ದಾರಿಗಳಿಗೆಲ್ಲ ತಿಂಗಳುಗಟ್ಟಲೆ ಬೇಲಿ ಬೀಳುವುದು ಖಂಡಿತ. ಎಷ್ಟು ತಿಂಗಳು, ಕ್ರೀಡಾಗ್ರಾಮದ ನಿವಾಸಿಗಳು ಮತ್ತು ವಿದ್ಯಾರ್ಥಿಗಳು ಯಾವ ದಾರಿಯಲ್ಲಿ ಓಡಾಡಬೇಕು, ಬೇಲಿ ಕೀಳುವ ತಾರೀಖು ಯಾವುದು, ಇವನ್ನು ಅರ್ಜಿಯ ಜೊತೆಗೇ ಬರೆದು ನಗರಸಭೆ ಸಹಿ ಹಾಕಬೇಕು.